ಒಂದೇ ಮಠದಲ್ಲಿ ಇರುತ್ತೇನೆಂದು ಮಾತು ಕೊಟ್ಟವರು ಸಮುದ್ರ ದಾಟಿದ್ದು ಹೇಗೆ?

ಬೆನೆಡಿಕ್ಟೈನ್ ಕನ್ಯಾಸ್ತ್ರೀಯರು ಸಾಯುವವರೆಗೂ ಒಂದೇ ಮಠದಲ್ಲಿ ನೆಲೆಸುವುದಾಗಿ ವ್ರತ ತೊಡುತ್ತಾರಲ್ಲ, ಹಾಗಿದ್ದೂ ಅವರಲ್ಲಿ ಕೆಲವರು ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದದ್ದು ಹೇಗೆ, ಅವರ ಮಠದ ಪಾಲಕ ಸಂತರಾದ ವಾಲ್ಬುರ್ಗಾ ಯಾರು ಎಂದು ಕೇಳಿದ್ದೀರಿ. ನಾನಿರುವುದು ಮಿನೆಸೋಟಾದಲ್ಲಿ. ಅಂಥ ವಲಸೆಗಾರ್ತಿ ಬೆನೆಡಿಕ್ಟಾ ರೀಪ್ ಅವರ ಸಮಾಧಿ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಹಾಗಾಗಿ ಅವರ ಕಥೆಯಿಂದಲೇ ಹೇಳುತ್ತೇನೆ.

ಮೊದಲು ವ್ರತದ ಮಾತು. ನಮ್ಮೂರಿನಲ್ಲಿ ಶಾಲೆ, ಆಸ್ಪತ್ರೆ ನಡೆಸುವ ಸಿಸ್ಟರುಗಳನ್ನು ನೋಡಿ ಬೆಳೆದವಳು ನಾನು. ನನ್ನ ಚಿಕ್ಕಮ್ಮನೂ ಸಿಸ್ಟರ್. ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ, ಒಂದು ಪೆಟ್ಟಿಗೆ, ಹೊಸ ಊರು. ಬೆನೆಡಿಕ್ಟೈನರದು ಹಾಗಲ್ಲ. ಸಂತ ಬೆನೆಡಿಕ್ಟರ ನಿಯಮದ 58ನೇ ಅಧ್ಯಾಯದಲ್ಲಿ ಬರುವ ಮೂರು ಮಾತುಗಳಲ್ಲಿ ಮೊದಲನೆಯದೇ ನೆಲೆನಿಲ್ಲುವುದು. ಆದರೆ ಈ ನಂಟು ಗೋಡೆಗಿಂತ ಹೆಚ್ಚಾಗಿ ಆ ಮಠದ ಬಳಗದೊಡನೆ. ಬಳಗವೇ ಕಳಿಸಿದರೆ ಹೊರಡಬಹುದು, ಹೊಸ ಮಠ ಕಟ್ಟಬಹುದು. ಆದ್ದರಿಂದ ಅವರ ವಲಸೆ ವ್ರತಭಂಗವಲ್ಲ. ಅವರ ಪಾಲಕ ಸಂತರೇ ವಲಸೆ ಬಂದವರು.

ವಾಲ್ಬುರ್ಗಾ ಹುಟ್ಟಿದ್ದು ಸುಮಾರು 710ರಲ್ಲಿ, ಇಂಗ್ಲೆಂಡಿನ ವೆಸೆಕ್ಸ್‌ನಲ್ಲಿ. ವಿಂಬೋರ್ನ್ ಮಠದಲ್ಲಿ ಓದು ಬರಹ ಕಲಿತರು. ಜರ್ಮನಿಯಲ್ಲಿ ಧರ್ಮಪ್ರಚಾರ ಮಾಡುತ್ತಿದ್ದ ಸಂತ ಬೊನಿಫೇಸ್ ಕನ್ಯಾಸ್ತ್ರೀಯರ ನೆರವು ಕೋರಿದಾಗ ಕಡಲು ದಾಟಿದರು. ದಾರಿಯಲ್ಲಿ ಬಿರುಗಾಳಿ ಎದ್ದಾಗ ಅವರು ಪ್ರಾರ್ಥಿಸಿ ಶಾಂತಗೊಳಿಸಿದರೆಂಬ ಐತಿಹ್ಯವಿದೆ. ಹೈಡನ್‌ಹೈಮ್‌ನಲ್ಲಿ ಅವರ ಅಣ್ಣ ವಿನಿಬಾಲ್ಡ್ ಮಠ ಕಟ್ಟಿದ್ದರು. ಅವರು 761ರಲ್ಲಿ ತೀರಿಕೊಂಡ ಮೇಲೆ ಅಲ್ಲಿನ ಸನ್ಯಾಸಿಗಳು, ಸನ್ಯಾಸಿನಿಯರು ಇಬ್ಬರಿಗೂ ತಂಗಿಯೇ ಮುಖ್ಯಸ್ಥೆ. ಎಂಟನೇ ಶತಮಾನದಲ್ಲಿ, ಪರದೇಶದಲ್ಲಿ, ಗಂಡಸರ ಮಠವನ್ನೂ ಆಳಿದ ಹೆಂಗಸು! ಇನ್ನೊಬ್ಬ ಅಣ್ಣ ವಿಲಿಬಾಲ್ಡ್ ಜರ್ಮನಿಯ ಐಖ್‌ಷ್ಟೆಟ್ ಊರಿನ ಬಿಷಪ್. ವಾಲ್ಬುರ್ಗಾ ಸತ್ತ ಸುಮಾರು ನೂರು ವರ್ಷದ ನಂತರ ಅವರ ಮೂಳೆಗಳನ್ನು ಐಖ್‌ಷ್ಟೆಟ್‌ಗೆ ತಂದರು. ಅವನ್ನಿಟ್ಟ ಕಲ್ಲಿನಿಂದ ಅಕ್ಟೋಬರ್ ಮಧ್ಯದಿಂದ ಫೆಬ್ರವರಿ 25ರ ಅವರ ಹಬ್ಬದವರೆಗೆ ತಿಳಿನೀರಿನಂಥ ದ್ರವ ಒಸರುತ್ತದೆ. ಅದಕ್ಕೆ ವಾಲ್ಬುರ್ಗಾ ಎಣ್ಣೆ ಎಂದೇ ಹೆಸರು. ಅಲ್ಲಿನ ಮಠದ ಕನ್ಯಾಸ್ತ್ರೀಯರು ಅದನ್ನು ಪುಟ್ಟ ಸೀಸೆಗಳಲ್ಲಿ ತುಂಬಿ ರೋಗಿಗಳಿಗೆ ಕೊಡುತ್ತಾರೆ.

ಐಖ್‌ಷ್ಟೆಟ್‌ನ ಆ ಮಠ ಸೇರಿದವರು ಬೆನೆಡಿಕ್ಟಾ ರೀಪ್. ಬವೇರಿಯಾದ ವಾಲ್ ಎಂಬ ಊರಿನವರು, ಹುಟ್ಟಿದ್ದು 1825ರಲ್ಲಿ, ತಂದೆ ಗಾಜಿನ ಕೆಲಸದವರು. ಅಮೆರಿಕದ ಜರ್ಮನ್ ವಲಸೆಗಾರರ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಜನ ಬೇಕೆಂದು ಪೆನ್ಸಿಲ್ವೇನಿಯಾದ ಬೆನೆಡಿಕ್ಟೈನ್ ಗುರು ಬೊನಿಫೇಸ್ ವಿಮ್ಮರ್ ಕೇಳಿಕೊಂಡಿದ್ದರು. 1852ರ ಜುಲೈನಲ್ಲಿ ಬೆನೆಡಿಕ್ಟಾ ಇಬ್ಬರು ಸಂಗಾತಿಗಳೊಂದಿಗೆ ನ್ಯೂಯಾರ್ಕ್‌ನಲ್ಲಿ ಇಳಿದರು. ವಯಸ್ಸು 27. ಬಂದರಿನಲ್ಲಿ ಎದುರುಗೊಳ್ಳಲು ಯಾರೂ ಇರಲಿಲ್ಲ. ನಾನು ಈ ದೇಶಕ್ಕೆ ಬಂದ ದಿನ ವಿಮಾನ ನಿಲ್ದಾಣದಲ್ಲಿ ನನ್ನ ಹೆಸರು ಬರೆದ ಹಲಗೆ ಹಿಡಿದು ಒಬ್ಬರು ನಿಂತಿದ್ದರು. ಅದನ್ನು ನೆನೆದಾಗಲೆಲ್ಲ ಆ ಮೂವರ ಬಗ್ಗೆ ಮನಸ್ಸು ಕರಗುತ್ತದೆ.

ಅವರು ತಲುಪಿದ್ದು ಪೆನ್ಸಿಲ್ವೇನಿಯಾದ ಕಾಡಿನ ನಡುವಿನ ಸೇಂಟ್ ಮೇರೀಸ್ ಎಂಬ ಜರ್ಮನ್ ವಸಾಹತನ್ನು. ಅಮೆರಿಕದ ಬೆನೆಡಿಕ್ಟೈನ್ ಕನ್ಯಾಸ್ತ್ರೀಯರ ಮೊದಲ ಮಠ ಅಲ್ಲೇ ಎದ್ದಿತು. ಚಳಿ, ಬಡತನ ಎಲ್ಲ ಇತ್ತು. ಆದರೆ ಅವರನ್ನು ಹಣ್ಣು ಮಾಡಿದ್ದು ಅಧಿಕಾರದ ಜಗಳ ಎಂದೇ ನನಗನಿಸುತ್ತದೆ. ಮಠಕ್ಕೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರು ಎಲ್ಲಿಗೆ ಹೋಗಬೇಕು ಎಂಬುದೆಲ್ಲ ತನ್ನ ಮಾತಿನಂತೆ ನಡೆಯಬೇಕೆಂದು ವಿಮ್ಮರ್ ಪಟ್ಟುಹಿಡಿದರು. ಕನ್ಯಾಸ್ತ್ರೀಯರ ಮಠವನ್ನು ಅವರೇ ನಡೆಸಬೇಕೆಂದು ಬೆನೆಡಿಕ್ಟಾ. 1857ರಲ್ಲಿ ಪೋಪ್ ಬಳಿಯೇ ನ್ಯಾಯ ಕೇಳಲು ಮತ್ತೆ ಹಡಗು ಹತ್ತಿದರು. ರೋಮ್‌ಗೆ ಹೋಗಲು ಬಿಡಲಿಲ್ಲ, ಮನವಿ ಮಾತ್ರ ಹೋಯಿತು. 1859ರಲ್ಲಿ ತೀರ್ಪು ಬಂತು: ಅಮೆರಿಕದ ಮಠಗಳು ಇನ್ನು ವಿಮ್ಮರ್ ಕೈಯಲ್ಲಿಲ್ಲ, ಆಯಾ ಬಿಷಪ್‌ಗಳ ಅಧೀನ. ಐಖ್‌ಷ್ಟೆಟ್ ಜೊತೆಗಿನ ಸಂಬಂಧವೂ ಅಲ್ಲಿಗೆ ಮುಗಿಯಿತು.

ನಿಮ್ಮ ಪ್ರಶ್ನೆಯ ನಿಜವಾದ ತೂಕ ಇರುವುದು ಇಲ್ಲಿ. ಯಾವ ಬಳಗದ ಎದುರು ಕೊನೆಯವರೆಗೂ ನಿಮ್ಮೊಂದಿಗಿರುತ್ತೇನೆ ಎಂದು ಮಾತು ಕೊಟ್ಟಿದ್ದರೋ ಆ ಬಳಗದ ನಂಟು ಕಾಗದದ ಮೇಲೆ ಕಡಿದುಹೋಯಿತು. ತಾವೇ ಕಟ್ಟಿದ ಮಠಗಳಲ್ಲೂ ಅವರಿಗೆ ಅಧಿಕಾರ ಉಳಿಯಲಿಲ್ಲ. ಸಮುದ್ರ ದಾಟಿದಾಗ ತಪ್ಪದ ನೆಲೆ ಈಗ ತಪ್ಪಿತು.

ಯುರೋಪಿನಿಂದ ಮರಳಿದ ಅವರಿಗೆ ಆಸರೆ ಸಿಕ್ಕಿದ್ದು ಮಿನೆಸೋಟಾದ ಸೇಂಟ್ ಕ್ಲೌಡ್‌ನ ಮಠದಲ್ಲಿ. ಅಲ್ಲಿನ ಮುಖ್ಯಸ್ಥೆಯ ಹೆಸರು ವಿಲಿಬಾಲ್ಡಾ. ವಾಲ್ಬುರ್ಗಾ ಅವರ ಅಣ್ಣನ ಹೆಸರೇ! ಕ್ಷಯ ಅಂಟಿದ್ದ ಬೆನೆಡಿಕ್ಟಾ 1862ರ ಮಾರ್ಚ್ 15ರಂದು ಅಲ್ಲಿಯೇ ತೀರಿಕೊಂಡರು. ಆಗ 36 ವರ್ಷ. ಮರುವರ್ಷ ಆ ಬಳಗ ಹತ್ತಿರದ ಸೇಂಟ್ ಜೋಸೆಫ್‌ಗೆ ಸ್ಥಳಾಂತರಗೊಂಡಿತು, ಮುಂದೆ ಸಾವಿರಕ್ಕೂ ಹೆಚ್ಚು ಕನ್ಯಾಸ್ತ್ರೀಯರ ಮಠವಾಗಿ ಬೆಳೆಯಿತು. ಹೋಗುವಾಗ ಬೆನೆಡಿಕ್ಟಾ ಅವರನ್ನು ಹಿಂದೆ ಬಿಟ್ಟಿದ್ದ ಸಿಸ್ಟರುಗಳು ಎಷ್ಟೋ ವರ್ಷದ ಮೇಲೆ ಅವರ ಮೂಳೆಗಳನ್ನು ಅಗೆದು ತಮ್ಮ ಸ್ಮಶಾನಕ್ಕೆ ತಂದುಕೊಂಡರು, ಐಖ್‌ಷ್ಟೆಟ್‌ನವರು ವಾಲ್ಬುರ್ಗಾ ಅವರನ್ನು ತಂದುಕೊಂಡ ಹಾಗೆ.