ಹೆಸರು ಹೇಳುವ ಮೊದಲು ಬೇಕಾದುದನ್ನು ಹೇಳಿ

ಪ್ರಶ್ನೆ: ನನಗೆ 34 ವರ್ಷ. ಕಲಬುರಗಿಯ ಕಪನೂರಿನ ದಾಲ್ ಮಿಲ್ಲೊಂದರಲ್ಲಿ ಒಂಬತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಎರಡು ತಿಂಗಳ ಹಿಂದೆ ಮನೋವೈದ್ಯರು ನನಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಮತ್ತು ಆಟಿಸಂ (ಒಡನಾಟ, ಸದ್ದು, ಬದಲಾವಣೆ ಕಷ್ಟವಾಗುವ, ಹುಟ್ಟಿನಿಂದ ಬರುವ ಸ್ಥಿತಿ) ಎರಡೂ ಇವೆ ಎಂದು ಹೇಳಿದರು. ಒಂದೇ ಲಾರಿಯ ಚೀಲದ ತೂಕದ ಕಡಿತವನ್ನು ತೂಕದ ಚೀಟಿಯಲ್ಲಿ ಎರಡು ಸಲ ಹಿಡಿದಿದ್ದರೆ ಅದು ತಾನಾಗಿ ನನ್ನ ಕಣ್ಣಿಗೆ ಬೀಳುತ್ತದೆ. ಆದರೆ ಫೋನ್ ಎತ್ತಬೇಕೆಂದರೆ ಎದೆ ಹೊಡೆದುಕೊಳ್ಳುತ್ತದೆ. ಜಿಎಸ್‌ಟಿ ರಿಟರ್ನ್ ಮುಗಿಸುವುದು ಪ್ರತಿ ಸಲವೂ ಕೊನೆಯ ರಾತ್ರಿಯೇ. ಸಂಜೆ ಮನೆಗೆ ಬಂದರೆ ಬಾಯಿಂದ ಮಾತು ಹೊರಡುವುದಿಲ್ಲ. ದೀಪ ಆರಿಸಿ ಬಚ್ಚಲುಮನೆಯಲ್ಲಿ ಕೂತುಬಿಡುತ್ತೇನೆ. ಅತ್ತೆ ಅದನ್ನು ಸಿಟ್ಟು ಎಂದುಕೊಳ್ಳುತ್ತಾರೆ. ಈಗ ಹಳೆಯ ಮುನೀಮರು ಕೆಲಸ ಬಿಡುತ್ತಿದ್ದಾರೆ. ದೀಪಾವಳಿಯಿಂದ ಅವರ ಗಾದಿಯಲ್ಲಿ ನೀನೇ ಕೂರು, ಸಂಬಳ ಹೆಚ್ಚಿಸುತ್ತೇನೆ ಎಂದು ಸಾಹುಕಾರರು ಹೇಳಿದ್ದಾರೆ. ಅಲ್ಲಿ ಕೂತರೆ ದಿನವಿಡೀ ರೈತರು, ದಲಾಲರು, ಲಾರಿ ಚಾಲಕರು, ಹಮಾಲರೊಡನೆ ಮಾತು. ಬೇಡವೆಂದರೆ ಸೊಕ್ಕು ಎನ್ನುತ್ತಾರೆ. ಕಾರಣ ಹೇಳಿದರೆ ತಲೆ ಸರಿಯಿಲ್ಲ ಎನ್ನುತ್ತಾರೆ. ಮಾತ್ರೆ ಚಟವಾಗುತ್ತದೆ ಎಂದು ಪತಿ ಹೆದರುತ್ತಾರೆ. ಏಳು ವರ್ಷದ ಮಗಳೂ ನನ್ನ ಹಾಗೆಯೇ ಇದ್ದಾಳೆ ಅನಿಸುತ್ತದೆ. ಕೆಲವು ರಾತ್ರಿ ಬೆಳಗಾಗುವುದೇ ಬೇಡ ಎನಿಸುತ್ತದೆ. ಏನು ಮಾಡಲಿ?

– ಹೆಸರು ಬೇಡ, ಕಲಬುರಗಿ (ದೀರ್ಘ ಪತ್ರದ ಆಯ್ದ ಭಾಗ)

ಉತ್ತರ: ನಿಮ್ಮ ಕೊನೆಯ ಮಾತಿಗೆ ಮೊದಲು ಬರುತ್ತೇನೆ. ಬೆಳಗಾಗುವುದೇ ಬೇಡ ಎನಿಸುವುದನ್ನು ನಿಮ್ಮ ವೈದ್ಯರಿಗೆ ಹೇಳಿದ್ದೀರಾ? ಪತ್ರದಲ್ಲಿ ಆ ಬಗ್ಗೆ ಏನೂ ಇಲ್ಲ. ಮುಂದಿನ ಭೇಟಿಯವರೆಗೆ ಕಾಯಬೇಡಿ, ಈ ವಾರವೇ ಹೇಳಿ. ಪತಿಗೂ ಹೇಳಿ. ಅಂಥ ರಾತ್ರಿ ಮತ್ತೆ ಬಂದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಯಾವ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲಿ ಮಾತನಾಡುತ್ತಾರೆ. ಫೋನ್ ಎಂದರೆ ನಿಮಗೆ ಎಷ್ಟು ಕಷ್ಟ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ಆದ್ದರಿಂದ ಮೊದಲ ವಾಕ್ಯವನ್ನು ಈಗಲೇ ಚೀಟಿಯಲ್ಲಿ ಬರೆದಿಡಿ, ಅಥವಾ ನಿಮ್ಮ ಪರವಾಗಿ ಪತಿಯೇ ಕರೆ ಮಾಡಲಿ.

ಒಂಬತ್ತು ವರ್ಷ ನೀವು ಆ ಮಿಲ್ಲಿನಲ್ಲಿ ಎರಡು ಕೆಲಸ ಮಾಡಿದ್ದೀರಿ. ಒಂದು ಲೆಕ್ಕ ಬರೆಯುವುದು. ಅದಕ್ಕೆ ಸಂಬಳ ಬಂದಿದೆ. ಇನ್ನೊಂದು, ಎಲ್ಲರಂತೆ ಕಾಣಿಸಿಕೊಳ್ಳುವುದು. ನಗಬೇಕಾದಲ್ಲಿ ನಗುವುದು, ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವುದು, ಕಾಳನ್ನು ಮೇಲಕ್ಕೆತ್ತುವ ಎಲಿವೇಟರ್ ಯಂತ್ರದ ಗಡಗಡ ಸದ್ದು ತಲೆಯನ್ನು ಕೊರೆಯುತ್ತಿದ್ದರೂ ಏನೂ ಆಗದವರಂತೆ ಕೂರುವುದು. ಎರಡನೆಯದಕ್ಕೆ ಯಾರೂ ಸಂಬಳ ಕೊಡಲಿಲ್ಲ. ಸಂಜೆ ಬಚ್ಚಲುಮನೆಯಲ್ಲಿ ನೀವೇ ಅದರ ಬೆಲೆ ತೆತ್ತಿರಿ. ಮುನೀಮರ ಗಾದಿಯ ಪ್ರಶ್ನೆಯನ್ನು ಇಲ್ಲಿಂದಲೇ ನೋಡಬೇಕು. ಆ ಕೆಲಸ ನಿಮ್ಮ ಕೈಲಾಗುತ್ತದೆಯೇ ಎಂದರೆ, ಬಹುಶಃ ಆಗುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ನಿಮ್ಮ ಬಳಿ ಉಳಿದಿದೆಯೇ? ಪತ್ರ ಓದಿದರೆ ಉಳಿದಿಲ್ಲ ಎನಿಸುತ್ತದೆ.

ಇಷ್ಟು ತಡವಾಗಿ ಗೊತ್ತಾದದ್ದಕ್ಕೆ ನಿಮ್ಮನ್ನು ಹಳಿದುಕೊಳ್ಳಬೇಡಿ. ಹಲವು ದೇಶಗಳ ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿಯಲ್ಲಿ, ಆಟಿಸಂ ಇದ್ದವರಿಗೆ ಎಡಿಎಚ್‌ಡಿ ಎಂದೂ ಬರೆಯಲು 2013ರವರೆಗೆ ಅವಕಾಶವೇ ಇರಲಿಲ್ಲ. ನೀವು ಕಾಲೇಜು ಮುಗಿಸುವ ಹೊತ್ತಿಗಷ್ಟೇ ಆ ನಿಯಮ ಬದಲಾಯಿತು. ಇನ್ನು ತರಗತಿಯಲ್ಲಿ ಸುಮ್ಮನೆ ಕೂತು, ಗಣಿತದಲ್ಲಿ ಒಳ್ಳೆಯ ಅಂಕ ತೆಗೆಯುವ ಹುಡುಗಿಯನ್ನು ಯಾವ ಮೇಷ್ಟ್ರು ವೈದ್ಯರ ಬಳಿ ಕಳಿಸುತ್ತಾರೆ? ಗದ್ದಲ ಮಾಡುವ ಹುಡುಗರು ಮಾತ್ರ ಕಣ್ಣಿಗೆ ಬೀಳುತ್ತಾರೆ.

ಎರಡೂ ಒಟ್ಟಿಗೆ ಇರುವವರಿಗೆ ಇನ್ನೊಂದು ತೊಡಕಿದೆ. ನೀವೇ ಅದಕ್ಕೆ ಒಳ್ಳೆಯ ಉದಾಹರಣೆ ಬರೆದಿದ್ದೀರಿ. ತೂಕದ ಚೀಟಿಗಳನ್ನು ದಲಾಲರ ಪ್ರಕಾರ ಬೇರೆ ಬೇರೆ ಬಣ್ಣದ ದಾರದಲ್ಲಿ ಕಟ್ಟಿಡುವ ಕ್ರಮ ಮಾಡಿಕೊಂಡಿರಿ. ಯಾರಾದರೂ ಒಂದು ಕಟ್ಟು ಬಿಚ್ಚಿದರೆ ನಿಮಗೆ ತಡೆಯಲಾಗುವುದಿಲ್ಲ. ಆದರೆ ಕೆಲವು ವಾರಗಳಲ್ಲಿ ನಿಮಗೇ ಆ ದಾರ ಬೇಸರವಾಗಿ, ಚೀಟಿಗಳು ಮತ್ತೆ ಡ್ರಾಯರಿನಲ್ಲಿ ರಾಶಿ ಬಿದ್ದವು. ಕ್ರಮ ಬೇಕೆನ್ನುವುದು ಒಂದು, ಹೊಸತು ಬೇಕೆನ್ನುವುದು ಇನ್ನೊಂದು. ಎರಡೂ ನಿಮ್ಮವೇ, ಎರಡೂ ನಿಜ. ಸೋಮಾರಿತನ ಎಂದು ನೀವು ಬರೆದ ಪದವನ್ನು ನಾನು ಒಪ್ಪುವುದಿಲ್ಲ. ಸುಗ್ಗಿಯಲ್ಲಿ ರಾತ್ರಿ ಹತ್ತರವರೆಗೆ ಕೂತು ಒಂದೂ ತಪ್ಪಿಲ್ಲದೆ ಲೆಕ್ಕ ಮುಗಿಸುವವರು ಸೋಮಾರಿಗಳಲ್ಲ. ಮಿಲ್ಲು ಅರೆಬರೆ ನಡೆಯುವ ಮಳೆಗಾಲದಲ್ಲಿ, ಯಾರೂ ಅವಸರ ಮಾಡದ ದಿನಗಳಲ್ಲಿ, ಅದೇ ಕೈ ರಿಟರ್ನಿನ ಕಡತ ತೆರೆಯಲು ಒಪ್ಪುವುದಿಲ್ಲ. ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಇದು ತೀರಾ ಸಾಮಾನ್ಯ.

ಈಗ ಸಾಹುಕಾರರ ವಿಷಯ. ಹೇಳಬೇಕೇ, ಬೇಡವೇ ಎಂದು ಕೇಳಿದ್ದೀರಿ. ಹೇಳಬೇಕು, ಆದರೆ ಕಾಯಿಲೆಯ ಹೆಸರಿನಿಂದ ಶುರು ಮಾಡಬೇಡಿ. ನಿಮಗೆ ಏನು ಬೇಕು ಎಂಬುದನ್ನು ಹೇಳಿ. ಹೆಸರನ್ನು ಇನ್ನೊಂದು ದಿನ ಹೇಳಬಹುದು, ಒಮ್ಮೆ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಾಗದು. ನೆಹರು ಗಂಜಿನ ಮಾರುಕಟ್ಟೆಯಲ್ಲಿ ಒಂದು ಅಡತಿ ಅಂಗಡಿಯ ಮಾತು ಸಂಜೆಯೊಳಗೆ ಹತ್ತು ಅಂಗಡಿ ಸುತ್ತುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಾಚಿಕೆಪಟ್ಟು ಮುಚ್ಚಿಡಿ ಎಂದು ಹೇಳುತ್ತಿಲ್ಲ. ಆಟಿಸಂ ಎಂದರೆ ಮಾತು ಬಾರದ ಮಗು ಎಂದಷ್ಟೇ ತಿಳಿದವರಿಗೆ ಮೊದಲು ಹೆಸರು ಕೊಟ್ಟರೆ, ಅವರು ಆ ಮಗುವನ್ನು ನೋಡುತ್ತಾರೆಯೇ ಹೊರತು ನಿಮ್ಮನ್ನಲ್ಲ. ಬೇಕಾದುದನ್ನು ಹೇಳಿದರೆ ನಿಮ್ಮ ಕೆಲಸವನ್ನು ನೋಡುತ್ತಾರೆ.

ಗಾದಿಯನ್ನು ಪೂರ್ತಿ ಒಪ್ಪಿಕೊಳ್ಳುವುದು ಅಥವಾ ಪೂರ್ತಿ ಬಿಡುವುದು, ಈ ಎರಡೇ ದಾರಿ ಎಂದು ಏಕೆ ತಿಳಿಯುತ್ತೀರಿ? ಹಳೆಯ ಮುನೀಮರು ಒಬ್ಬರೇ ಹೊತ್ತಿದ್ದನ್ನು ಇಬ್ಬರು ಹೊರಬಹುದು. ಕಿರ್ದಿ, ತೂಕದ ಚೀಟಿಯ ತಪಾಸಣೆ, ಬ್ಯಾಂಕು, ತೆರಿಗೆ ನಿಮ್ಮದು. ಫೋನು, ಲಾರಿ, ದಲಾಲರೊಡನೆ ದರದ ಚೌಕಾಶಿ ಇನ್ನೊಬ್ಬರದು. ಸಾಹುಕಾರರಿಗೆ ಹೀಗೆ ಹೇಳಿ: ‘ಮುನೀಮರು ನೋಡುತ್ತಿದ್ದ ಲೆಕ್ಕವನ್ನೆಲ್ಲ ನಾನು ವಹಿಸಿಕೊಳ್ಳುತ್ತೇನೆ. ಚೀಟಿಯ ತಪ್ಪು ಹಿಡಿಯಲು ನನಗೆ ಸದ್ದಿಲ್ಲದ ಜಾಗ ಬೇಕು, ನಡುವೆ ಫೋನು ಎತ್ತಿದರೆ ತಪ್ಪು ಕಣ್ಣು ತಪ್ಪಿಸುತ್ತದೆ. ಗೇಟು, ಫೋನು ಬೇರೆಯವರು ನೋಡಲಿ. ನನಗೆ ಹೇಳಬೇಕಾದದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ.’ ಇದರಲ್ಲಿ ಒಂದೂ ಸುಳ್ಳಿಲ್ಲ, ಒಂದು ಬೇಡಿಕೊಳ್ಳುವ ಮಾತೂ ಇಲ್ಲ. ಕಳೆದ ಸುಗ್ಗಿಯಲ್ಲಿ ನೀವು ಹಿಡಿದ ತಪ್ಪುಗಳ ಒಟ್ಟು ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ವ್ಯಾಪಾರಸ್ಥರಿಗೆ ಆ ಹಾಳೆ ಬೇಗ ಅರ್ಥವಾಗುತ್ತದೆ. ಮಾತನಾಡಲು ಬೆಳಗಿನ ಹೊತ್ತು ಆರಿಸಿಕೊಳ್ಳಿ, ಮಿಲ್ಲಿನ ಮೋಟರು ಶುರುವಾಗುವ ಮೊದಲು, ಗಾದಿಯ ಸುತ್ತ ಜನ ಸೇರುವ ಮೊದಲು. ಬಾಯಿ ಕಟ್ಟಿದರೆ ಹಾಳೆಯನ್ನೇ ಅವರ ಕೈಗೆ ಕೊಡಿ.

ಮೂರು ತಿಂಗಳು ಕೂತು ನೋಡು, ಆಮೇಲೆ ಹೇಳು ಎಂದು ಅವರು ಅನ್ನಬಹುದು. ಇಲ್ಲಿ ಎಚ್ಚರ ಬೇಕು. ದೀಪಾವಳಿಯ ನಂತರದ ಕೆಲವು ವಾರ ಹೊಸ ತೊಗರಿ ಇನ್ನೂ ಹೊಲದಲ್ಲಿರುತ್ತದೆ, ಗಾದಿಯ ಮುಂದೆ ನೂಕುನುಗ್ಗಲು ಇರುವುದಿಲ್ಲ. ಆಗ ನಿಮಗೂ ಪರವಾಗಿಲ್ಲ ಎನಿಸುತ್ತದೆ, ಅವರಿಗೂ ಎನಿಸುತ್ತದೆ. ಒಪ್ಪಿಕೊಂಡ ಮೇಲೆ ಜನವರಿ ಬರುತ್ತದೆ. ಪರೀಕ್ಷೆಯ ಅವಧಿ ಎಂದು ಇಟ್ಟುಕೊಳ್ಳುವುದಾದರೆ ಫೆಬ್ರುವರಿ ಮುಗಿಯುವವರೆಗೆ ಎಂದು ಮಾತಾಗಲಿ, ಆಮೇಲೆ ಹಳೆಯ ಕುರ್ಚಿಗೆ ಮರಳುವ ಹಕ್ಕು ನಿಮ್ಮದು ಎಂಬುದೂ ಮಾತಾಗಲಿ. ಸಾಧ್ಯವಾದರೆ ಬರಹದಲ್ಲಿ. ಸಂಬಳ ಏರಿದರೆ ನೌಕರರ ಆರೋಗ್ಯ ವಿಮೆಯಾದ ಇಎಸ್‌ಐನ ಸಂಬಳದ ಮಿತಿ ದಾಟುತ್ತೀರಾ ಎಂದೂ ಮೊದಲೇ ವಿಚಾರಿಸಿ. ನಿಮಗೆ ಆ ಕಾರ್ಡು ಇದ್ದರೆ ಸೇಡಂ ರಸ್ತೆಯ ಇಎಸ್‌ಐ ವೈದ್ಯಕೀಯ ಕಾಲೇಜಿನ ಚಿಕಿತ್ಸೆ ಅದರ ಮೇಲೆ ನಿಂತಿದೆ.

ಕಾನೂನು ಎಷ್ಟು ನೆರವಾಗುತ್ತದೆ ಎಂದರೆ, ಖಾಸಗಿ ಮಿಲ್ಲಿನಲ್ಲಿ ಕಡಿಮೆ ಎಂದೇ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಸಮಾನ ಅವಕಾಶದ ನೀತಿ ರೂಪಿಸಬೇಕೆಂಬ ನಿಯಮ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಅದರಲ್ಲಿ ಯಾವ ಸೌಲಭ್ಯಗಳಿವೆ ಎಂಬ ವಿವರವೂ ಇರಬೇಕು. ಆದರೆ ಉದ್ಯೋಗದಲ್ಲಿ ತಾರತಮ್ಯ ಕೂಡದು, ಅಗತ್ಯ ಅನುಕೂಲ ಕಲ್ಪಿಸಬೇಕು ಎಂಬ ಗಟ್ಟಿಯಾದ ಕಲಮು ಇರುವುದು ಸರ್ಕಾರಿ ಸಂಸ್ಥೆಗಳ ಮೇಲೆ. ಸರ್ಕಾರಿ ಹುದ್ದೆಗಳಲ್ಲಿ ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಅನಾರೋಗ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆಲ್ಲ ಸೇರಿ ಶೇ 1ರಷ್ಟು ಮೀಸಲಿದೆ. ಅದಕ್ಕೆ ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಎಂದಾದರೂ ಆ ಹುದ್ದೆಗಳ ಪರೀಕ್ಷೆ ಬರೆಯುವ ಮನಸ್ಸಿದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ವಯಸ್ಕರಿಗೆ ಆಟಿಸಂ ಪ್ರಮಾಣಪತ್ರ ಪಡೆಯುವುದು ಸಲೀಸಲ್ಲ, ಶಾಲೆಯ ಹಳೆಯ ದಾಖಲೆ, ತಾಯಿಯ ನೆನಪು ಎಲ್ಲವೂ ಬೇಕಾಗಬಹುದು. ಮಿಲ್ಲಿನಲ್ಲೇ ಮುಂದುವರಿಯುವುದಾದರೆ ಅದಕ್ಕಾಗಿ ಈಗಲೇ ಓಡಾಡುವ ಅಗತ್ಯ ಕಾಣುವುದಿಲ್ಲ.

ಮಾತ್ರೆಯ ಬಗ್ಗೆ ಪತಿಗಿರುವ ಭಯವನ್ನು ತಳ್ಳಿಹಾಕಬೇಡಿ, ವೈದ್ಯರ ಮುಂದೆ ಕೂರಿಸಿ ಕೇಳಿಸಿ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಮಾದಕವಸ್ತು ಕಾನೂನಿನ ನಿಯಂತ್ರಣದಲ್ಲಿದೆ, ಅವರ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ, ರಕ್ತದೊತ್ತಡ ಮತ್ತು ನಾಡಿಯ ಮೇಲೆ ಕಣ್ಣಿಟ್ಟು ತೆಗೆದುಕೊಂಡರೆ ಅದು ಚಟಕ್ಕೆ ತಿರುಗುವುದು ಅಪರೂಪ. ಹಸಿವು, ನಿದ್ದೆ ಕಡಿಮೆಯಾಗಬಹುದು. ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಮೊದಲೇ ಊಟ ಸೇರುವುದಿಲ್ಲ, ಹಾಗಾಗಿ ಬೆಳಗಿನ ತಿಂಡಿ ತಪ್ಪಿಸಬೇಡಿ. ಆಟೊಮಾಕ್ಸೆಟಿನ್ ಎಂಬ ಇನ್ನೊಂದು ಔಷಧ ಆ ಕಾನೂನಿನ ಪಟ್ಟಿಯಲ್ಲಿಲ್ಲ, ಅದರ ಗುಣ ಕಾಣಲು ಕೆಲವು ವಾರ ಬೇಕು. ಒಂದು ಮಾತು ತಿಳಿದಿರಲಿ: ಈ ಔಷಧಗಳು ಕೆಲಸ ಮಾಡುವುದು ಎಡಿಎಚ್‌ಡಿಯ ಮೇಲೆ. ಚಂಚಲತೆ ಇಳಿದ ಮೇಲೆ ಸದ್ದು, ಬೆಳಕು, ಅನಿರೀಕ್ಷಿತ ಬದಲಾವಣೆ ಮೊದಲಿಗಿಂತ ಹೆಚ್ಚು ಕಾಡತೊಡಗಿದವು ಎಂದು ಎರಡೂ ಇರುವ ಕೆಲವರು ಹೇಳುತ್ತಾರೆ. ಹಾಗಾದರೆ ಗಾಬರಿಯಾಗಿ ಮಾತ್ರೆ ಬಿಡದೆ ವೈದ್ಯರಿಗೆ ತಿಳಿಸಿ. ಎರಡನೆಯ ಅಭಿಪ್ರಾಯ ಬೇಕೆಂದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ.

ಸದ್ದಿಗೆ ಔಷಧ ಅಂಗಡಿಯಲ್ಲಿ ಸಿಗುವ ಕಿವಿಯ ಬಿರಡೆ ಸಾಕು. ದಾಲ್ ಮಿಲ್ಲಿನಲ್ಲಿ ಅದನ್ನು ಹಾಕಿಕೊಂಡವರನ್ನು ಯಾರೂ ಕಾರಣ ಕೇಳುವುದಿಲ್ಲ. ರಿಟರ್ನಿಗೆ ಒಬ್ಬರ ಜೊತೆ ಬೇಕು. ಅವರು ಸಹಾಯ ಮಾಡಬೇಕಿಲ್ಲ, ಪಕ್ಕದಲ್ಲಿ ಕೂತು ತಮ್ಮ ಕೆಲಸ ಮಾಡಿಕೊಂಡರೂ ನಿಮ್ಮ ಕೈ ಓಡುತ್ತದೆ. ತಿಂಗಳ ಮೊದಲ ವಾರದಲ್ಲಿ ಒಂದು ಮಧ್ಯಾಹ್ನ ಗೊತ್ತು ಮಾಡಿಕೊಂಡು ಒಬ್ಬ ಸಹೋದ್ಯೋಗಿಯನ್ನು ಕೂರಿಸಿಕೊಳ್ಳಿ. ದಾರದ ಕ್ರಮ ಬೇಸರವಾದರೆ ಬದಲಿಸಿ. ವರ್ಷಕ್ಕೆ ನಾಲ್ಕು ಸಲ ಕ್ರಮ ಬದಲಾದರೂ ಚೀಟಿ ಸಿಕ್ಕರಾಯಿತು.

ಮನೆಯ ಮಾತು ನನಗೆ ಮಿಲ್ಲಿನದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಂಜೆ ಮಾತು ನಿಂತುಹೋಗುವುದು ಸಿಟ್ಟಲ್ಲ, ಬಳಲಿದ ಮೆದುಳು ಬಾಗಿಲು ಹಾಕಿಕೊಳ್ಳುವುದು. ಇದನ್ನು ಅತ್ತೆಗೆ ನೀವು ವಿವರಿಸಬೇಡಿ, ಅವರ ಮಗ ವಿವರಿಸಲಿ. ಆಟಿಸಂ ಎಂಬ ಪದವೂ ಬೇಕಿಲ್ಲ. ‘ಇವಳು ಬಂದ ಮೇಲೆ ಅರ್ಧ ಗಂಟೆ ಒಳಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ, ಆಮೇಲೆ ಬರುತ್ತಾಳೆ’ ಎಂದು ಅವರು ಒಮ್ಮೆ ಗಟ್ಟಿಯಾಗಿ ಹೇಳಿದರೆ ಸಾಕು. ಬಚ್ಚಲುಮನೆಯಲ್ಲಿ ಅಡಗಿ ಕೂರುವ ಸ್ಥಿತಿ ನಿಮಗೆ ಬರಬಾರದು. ಬಂದ ತಕ್ಷಣ ರೊಟ್ಟಿ ಬಡಿಯಲು ಕೂರಬೇಕೆಂಬ ನಿಯಮವನ್ನೂ ಮುರಿಯಿರಿ. ಸ್ವಸಹಾಯ ಸಂಘದ ಮಹಿಳೆಯರು ಮಾಡಿದ ಖಡಕ್ ರೊಟ್ಟಿ ಊರಲ್ಲೆಲ್ಲ ಸಿಗುತ್ತದೆ, ಅದನ್ನು ತಂದು ಶೇಂಗಾ ಹಿಂಡಿಯೊಡನೆ ತಿಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಪತಿಯ ಬಗ್ಗೆ ನೀವು ಬರೆದ ಸಾಲುಗಳನ್ನು ನೋಡಿದರೆ ಅವರು ನಿಮ್ಮ ಕಡೆಯವರು. ಆದರೆ ನಿಮ್ಮ ಕಡೆ ಇರುವುದಷ್ಟೇ ಸಾಲದು, ಮನೆಯವರ ಮುಂದೆ ಬಾಯಿಬಿಟ್ಟು ಹೇಳಬೇಕು. ಈ ಅಂಕಣವನ್ನು ಅವರಿಗೆ ಓದಲು ಕೊಡಿ.

ಮಗಳು ಸಮವಸ್ತ್ರದ ಕಾಲರಿನ ಪಟ್ಟಿಯನ್ನು ಕಿತ್ತು ಹಾಕುತ್ತಾಳೆ, ಪಾಠದ ನಡುವೆ ಕಿಟಕಿಯ ಕಡೆ ನೋಡುತ್ತಾಳೆ ಎಂದಿದ್ದೀರಿ. ಎಡಿಎಚ್‌ಡಿ, ಆಟಿಸಂ ಎರಡೂ ವಂಶದಲ್ಲಿ ಬರುವ ಸಾಧ್ಯತೆ ಹೆಚ್ಚು, ಆದ್ದರಿಂದ ನಿಮ್ಮ ಊಹೆ ಸರಿ ಇರಬಹುದು. ಪಟ್ಟಿಯನ್ನು ನೀವೇ ಹೊಲಿಗೆ ಸಮೇತ ಬಿಚ್ಚಿ ತೆಗೆಯಿರಿ, ಬೈಯಬೇಡಿ. ತರಗತಿಯಲ್ಲಿ ಏನು ಸುಲಭ, ಏನು ಕಷ್ಟ ಎಂದು ಶಿಕ್ಷಕಿಯನ್ನು ಕೇಳಿ ಬರೆದುಕೊಳ್ಳಿ. ನಿಮ್ಮನ್ನು ನೋಡುತ್ತಿರುವ ವೈದ್ಯರಿಗೆ ಆ ಹಾಳೆ ತೋರಿಸಿ, ಮಕ್ಕಳ ತಪಾಸಣೆ ಯಾವಾಗ, ಎಲ್ಲಿ ಮಾಡಿಸಬೇಕು ಎಂದು ಅವರೇ ಹೇಳಲಿ. ದೀಪಾವಳಿಗೆ ಮೊದಲು ಸಾಹುಕಾರರೊಡನೆ ಮಾತಾದ ಮೇಲೆ ನನಗೆ ಬರೆಯಿರಿ. ಅವರು ಒಪ್ಪದೆ ಇದ್ದರೆ ಮುಂದಿನ ದಾರಿಯನ್ನು ಸೇರಿ ಯೋಚಿಸೋಣ.