ಓದುಗರ ಪ್ರಶ್ನೆ: ಹಣಕ್ಕೆ ಹಾಡಿದ ಹೊಗಳಿಕೆ ಕಾವ್ಯವಾದೀತೆ?

ಪ್ರಶ್ನೆ: ಪ್ರಾಚೀನ ಗ್ರೀಸಿನ ಕ್ರೀಡಾಕೂಟಗಳಲ್ಲಿ ಗೆದ್ದವರ ಮೇಲೆ ಪಿಂಡಾರ್ ಮೊದಲಾದ ಕವಿಗಳು ಹಣ ಪಡೆದು ವಿಜಯಗೀತೆ ರಚಿಸುತ್ತಿದ್ದರೆಂದು ಓದಿದ್ದೇನೆ. ಅವುಗಳ ಅನುವಾದ ತೆರೆದರೆ ಓಟ, ಕುಸ್ತಿಗಳ ವರ್ಣನೆ ಸಿಗದೆ ದೇವತೆಗಳ ಕಥೆಗಳೇ ತುಂಬಿಕೊಂಡಿದ್ದವು. ಇವನ್ನು ಹೊಗಳುಭಟರ ಪದ್ಯಗಳಿಗಿಂತ ಮೇಲೆಂದು ಏಕೆ ಎಣಿಸಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ಹಣ ಪಡೆಯುತ್ತಿದ್ದುದು ನಿಜ, ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಈ ಪ್ರಕಾರದ ಮೊದಲ ದೊಡ್ಡ ಕವಿ, ಕಿಯೋಸ್ ದ್ವೀಪದ ಸಿಮೊನಿಡೀಸನ ಬಗ್ಗೆ ಅರಿಸ್ಟಾಟಲ್ ಒಂದು ಪ್ರಸಂಗ ಹೇಳುತ್ತಾನೆ. ಹೇಸರಗತ್ತೆಗಳ ಬಂಡಿ ಓಟದಲ್ಲಿ ಗೆದ್ದವನೊಬ್ಬ ಅಲ್ಪ ಸಂಭಾವನೆ ಹಿಡಿದು ಬಂದಾಗ, ಅರೆಗತ್ತೆಗಳ ಮೇಲೆ ಹಾಡು ಕಟ್ಟಲು ತನಗೆ ಮನಸ್ಸಿಲ್ಲವೆಂದ ಕವಿ, ತಕ್ಕಷ್ಟು ಹಣ ಕೈಸೇರಿದ ಮೇಲೆ ಅವೇ ಪ್ರಾಣಿಗಳನ್ನು ‘ಬಿರುಗಾಳಿಯ ಕಾಲಿನ ಕುದುರೆಗಳ ಪುತ್ರಿಯರೇ’ ಎಂದು ಸಂಬೋಧಿಸಿದನಂತೆ. ಅವು ಕತ್ತೆಗಳಿಗೂ ಮಕ್ಕಳೇ ಎಂಬುದನ್ನು ನೆನಪಿಸುವ ಕೆಲಸ ಅರಿಸ್ಟಾಟಲನ ಪಾಲಿಗೆ ಉಳಿಯಿತು! ಪಿಂಡಾರನೂ ಒಂದು ಗೀತೆಯಲ್ಲಿ, ಹಿಂದಿನ ಕಾಲದ ಕಾವ್ಯದೇವಿ ಲಾಭದ ಆಸೆಗೆ ಕೂಲಿ ಮಾಡುತ್ತಿರಲಿಲ್ಲವೆಂದು ತನ್ನ ವೃತ್ತಿಯನ್ನೇ ಕುಟುಕಿಕೊಳ್ಳುತ್ತಾನೆ.

ಒಲಿಂಪಿಯದಲ್ಲಿ ಗೆದ್ದವನಿಗೆ ಅಲ್ಲಿ ದೊರೆಯುತ್ತಿದ್ದುದು ಕಾಡು ಆಲಿವ್ ಎಲೆಗಳ ಕಿರೀಟ ಮಾತ್ರ. ಆ ಗೆಲುವನ್ನು ಊರಿನ, ಮನೆತನದ ಸ್ವತ್ತಾಗಿಸಬೇಕಾದರೆ ಹಾಡು ಬೇಕಿತ್ತು. ಬಹುಮಟ್ಟಿಗೆ ವಿಜೇತನ ಊರಿನಲ್ಲೇ ಮೇಳವೊಂದು ನರ್ತಿಸುತ್ತ ಅದನ್ನು ಹಾಡುತ್ತಿತ್ತು. ಸ್ಪರ್ಧೆ ಹೇಗೆ ನಡೆಯಿತೆಂಬ ಸುದ್ದಿ ಆ ಹೊತ್ತಿಗಾಗಲೇ ಊರಿಗೆ ತಲುಪಿರುತ್ತಿದ್ದುದರಿಂದ, ಅದನ್ನು ಮತ್ತೆ ವರ್ಣಿಸುವುದಕ್ಕಿಂತ, ಆ ಗೆಲುವಿಗೆ ದೇವತೆಗಳ ಮತ್ತು ಪೂರ್ವವೀರರ ಸಾಲಿನಲ್ಲಿ ಯಾವ ಸ್ಥಾನವಿದೆಯೆಂದು ತೋರಿಸುವುದೇ ಕವಿಯ ಕೆಲಸವಾಗಿತ್ತು. ಕ್ರಿ.ಪೂ. 476ರಲ್ಲಿ ಸಿರಾಕ್ಯೂಸಿನ ದೊರೆ ಹೀರೋನನ ಕುದುರೆ ಫೆರೆನಿಕೋಸ್ ಒಲಿಂಪಿಯದಲ್ಲಿ ಗೆದ್ದಾಗ ಪಿಂಡಾರ್ ಪೆಲೋಪ್ಸನ ಕಥೆಯನ್ನು ಎತ್ತಿಕೊಂಡದ್ದು ಇದೇ ಕಾರಣಕ್ಕೆ. ಆ ವೀರನ ಸಮಾಧಿ ಇದ್ದದ್ದು ಒಲಿಂಪಿಯದಲ್ಲೇ. ಅಲ್ಲಿಯೂ ಪಿಂಡಾರ್, ಪೆಲೋಪ್ಸನನ್ನು ಅವನ ತಂದೆಯೇ ಕೊಂದು ದೇವತೆಗಳಿಗೆ ಬಡಿಸಿದನೆಂಬ ಪರಂಪರೆಯಿಂದ ಬಂದ ಕಥೆಯನ್ನು ಹಾಗೆಯೇ ಒಪ್ಪದೆ, ದೇವತೆಗಳು ನರಮಾಂಸ ತಿಂದರೆಂದು ಹೇಳಲು ತಾನು ಸಿದ್ಧನಿಲ್ಲವೆಂದು ನೇರವಾಗಿ ನಿರಾಕರಿಸುತ್ತಾನೆ. ಅಂದಹಾಗೆ, ಇಂತಹ ಓಟಗಳಲ್ಲಿ ಕಿರೀಟ ಸಲ್ಲುತ್ತಿದ್ದುದು ಕುದುರೆಯ ಒಡೆಯನಿಗೆ. ಹೀರೋನ್ ಕಡಿವಾಣ ಮುಟ್ಟಬೇಕಾದ ಅಗತ್ಯವೇ ಇರಲಿಲ್ಲ.

ಇನ್ನು ಹೊಗಳುಭಟರ ಮಾತು. ಹೀರೋನನ ಮೇಲಿನ ಗೀತೆಗಳಲ್ಲಿ ಮುಖಸ್ತುತಿ ಇಲ್ಲವೆಂದು ನಾನು ವಾದಿಸಲಾರೆ. ಆದರೆ ಹಣ ಕೊಟ್ಟವನ ಎದುರಿಗೇ ಅವನ ಮಿತಿಯನ್ನು ನೆನಪಿಸುವ ಧೈರ್ಯ ಪಿಂಡಾರನಲ್ಲಿದೆ. ಈಜೈನಾ ದ್ವೀಪದ ಫಿಲಾಕಿಡಾಸನ ಗೆಲುವನ್ನು ಹಾಡುತ್ತ ‘ಸ್ಯೂಸ್ (ದೇವತೆಗಳ ಒಡೆಯ) ಆಗಲು ಹವಣಿಸಬೇಡ’ ಎಂದು ಎಚ್ಚರಿಸುತ್ತಾನೆ. ಅದೇ ದ್ವೀಪದ ಕುಸ್ತಿಪಟು ಅರಿಸ್ಟೊಮೆನೀಸನಿಗಾಗಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಕ್ರಿ.ಪೂ. 446ರಲ್ಲಿ ಅವನು ರಚಿಸಿದ ಗೀತೆಯಂತೂ ಹೊಗಳಿಕೆಯ ಎಲ್ಲೆಯನ್ನೇ ಮೀರುತ್ತದೆ. ಡೆಲ್ಫಿಯ ಕೂಟದಲ್ಲಿ ಈ ಕುಸ್ತಿಪಟು ಕೆಡವಿದ ನಾಲ್ವರು ಎದುರಾಳಿಗಳು ತಾಯಂದಿರ ಬಳಿ ಮರಳಿದಾಗ ನಗು ಅವರನ್ನು ಎದುರುಗೊಳ್ಳಲಿಲ್ಲ, ವೈರಿಗಳ ಕಣ್ಣಿಗೆ ಬೀಳದಂತೆ ಓಣಿಗಳಲ್ಲಿ ಮುದುಡಿಕೊಂಡು ನಡೆದರು ಎಂದು ಹೇಳಿ, ಮುಂದೆ ‘ಒಂದು ದಿನದ ಜೀವಿಗಳು ನಾವು, ನೆರಳು ಕಂಡ ಕನಸು ಮನುಷ್ಯ’ ಎನ್ನುತ್ತಾನೆ. ಆದರೆ ದೈವದತ್ತವಾದ ಪ್ರಭೆ ಬಿದ್ದಾಗ ಬದುಕು ಬೆಳಗುತ್ತದೆ, ಮಧುರವಾಗುತ್ತದೆ ಎಂಬ ಮಾತು ಒಡನೆಯೇ ಬರುವುದರಿಂದ ಇದು ಬರಿಯ ವೈರಾಗ್ಯವೂ ಅಲ್ಲ. ಗೆದ್ದವನ ಮನೆಯ ಸಂಭ್ರಮದಲ್ಲಿ ಸೋತವರ ಅವಮಾನವನ್ನು ಹೀಗೆ ಹಾಡಿಸಬಲ್ಲವನನ್ನು ಹೊಗಳುಭಟನೆಂದು ಕರೆಯಲು ನನಗೆ ಮನಸ್ಸು ಬಾರದು.

ಓಟದ ವರ್ಣನೆಯೇ ಬೇಕೆಂದಾದರೆ ತಾವು ಸಿಮೊನಿಡೀಸನ ಸೋದರಳಿಯ ಬಾಕಿಲಿಡೀಸನನ್ನು ಓದಬಹುದು. ಫೆರೆನಿಕೋಸನ ಅದೇ ಗೆಲುವನ್ನು ಅವನೂ ಹಾಡಿದ್ದಾನೆ. ಮುಂದೆ ಓಡುವ ಕುದುರೆಗಳ ಧೂಳು ಆ ಕುದುರೆಯ ಮೈಗೆ ಎಂದೂ ಸೋಕಲಿಲ್ಲವೆಂಬ ಅವನ ಮಾತಿನಲ್ಲಿ ಇಡೀ ಪಂದ್ಯ ಕಣ್ಣಿಗೆ ಕಟ್ಟುತ್ತದೆ.

ಪ್ರಶ್ನೆ: ಈ ಗೀತೆಗಳು ನಮ್ಮ ಕಾಲದವರೆಗೆ ಉಳಿದು ಬಂದದ್ದು ಹೇಗೆ?
– ಓದುಗರೊಬ್ಬರು, ತುಮಕೂರು

ಉತ್ತರ: ಅಲೆಕ್ಸಾಂಡ್ರಿಯದ ವಿದ್ವಾಂಸರು ಪಿಂಡಾರನ ಕೃತಿಗಳನ್ನು 17 ಸಂಪುಟಗಳಾಗಿ ವಿಂಗಡಿಸಿದ್ದರು. ಒಲಿಂಪಿಯ, ಡೆಲ್ಫಿ, ನೆಮಿಯ, ಇಸ್ತ್ಮಸ್ ಎಂಬ ನಾಲ್ಕು ಕೂಟಗಳಿಗೆ ಅನುಗುಣವಾಗಿ ಜೋಡಿಸಿದ ವಿಜಯಗೀತೆಗಳ ನಾಲ್ಕು ಸಂಪುಟಗಳು ಹಸ್ತಪ್ರತಿಗಳ ಮೂಲಕ ಹೆಚ್ಚುಕಡಿಮೆ ಪೂರ್ಣವಾಗಿ ಉಳಿದವು. ಮಿಕ್ಕ ಸಂಪುಟಗಳಿಂದ ಚೂರುಪಾರು ಮಾತ್ರ ಸಿಕ್ಕಿದೆ. ಬಾಕಿಲಿಡೀಸನಂತೂ ಬೇರೆಯವರು ಉದ್ಧರಿಸಿದ ಸಾಲುಗಳಿಂದಷ್ಟೇ ಪರಿಚಿತನಾಗಿದ್ದ. ಈಜಿಪ್ಟಿನಲ್ಲಿ ದೊರೆತ ಪಪೈರಸ್ ಸುರುಳಿಯೊಂದು 1896ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿ, ಮರುವರ್ಷ ಅಚ್ಚಾದ ಬಳಿಕವೇ ಇಬ್ಬರು ಕವಿಗಳೂ ಹೀರೋನನ ಒಂದೇ ಗೆಲುವನ್ನು ಹಾಡಿದ ಬಗೆಯನ್ನು ಅಕ್ಕಪಕ್ಕದಲ್ಲಿಟ್ಟು ಓದುವುದು ಸಾಧ್ಯವಾಯಿತು.