ಬೇಸಿಗೆಯಲ್ಲಿ ಉರಿಸದ ಅಗ್ಗಿಷ್ಟಿಕೆಯನ್ನು ಅಲಂಕರಿಸುವುದು ಹೇಗೆ?

ಕಟ್ಟಿಗೆ ಉರಿಸುವ ಅಗ್ಗಿಷ್ಟಿಕೆಯಾದರೆ ಮೊದಲು ಬೂದಿ, ಮಸಿಗಳನ್ನು ತೆಗೆದು, ಹೊಗೆಕೊಳವೆಯ ಡ್ಯಾಂಪರ್ ಎಂಬ ಲೋಹದ ಮುಚ್ಚಳವನ್ನು ಹಾಕಬೇಕು. ಅಲಂಕಾರ ಆಮೇಲಿನ ಮಾತು. ಬೇಸಿಗೆಯಲ್ಲಿ ಮನೆಯೊಳಗಿನ ತಂಪು ಗಾಳಿ ಹೊರಗಿನದಕ್ಕಿಂತ ಭಾರವಾಗಿದ್ದು ಕೆಳಗಿನ ಸಂದುಗಳಿಂದ ಹೊರಜಾರುತ್ತದೆ, ಅದರ ಜಾಗವನ್ನು ತುಂಬಲು ಚಿಮಣಿಯಿಂದ ಇಳಿಯುವ ಗಾಳಿ ಮಸಿಯ ಘಾಟನ್ನು ಕೋಣೆಗೆ ತರುತ್ತದೆ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಚಿತ್ರ ಬರೆದ ಹಲಗೆಯಿಂದ ಅಗ್ಗಿಷ್ಟಿಕೆಯ ಬಾಯಿಯನ್ನು ಮುಚ್ಚುತ್ತಿದ್ದುದು ಅಂದಕ್ಕಷ್ಟೇ ಅಲ್ಲ, ಈ ಗಾಳಿಯನ್ನೂ ಉದುರುವ ಮಸಿಯನ್ನೂ ತಡೆಯುವುದಕ್ಕಾಗಿತ್ತು. ನನ್ನ ಮಟ್ಟಿಗೆ ಇಂದಿಗೂ ಅದೇ ಒಳ್ಳೆಯ ಉಪಾಯ. ಕುಂಡವನ್ನೇ ಇಡುವುದಾದರೆ, ಆ ಗೂಡಿನಲ್ಲಿ ಬೆಳಕು ಕಡಿಮೆಯಾದ್ದರಿಂದ, ನೆರಳನ್ನು ಸಹಿಸುವ ಜರಿಗಿಡದಂಥದನ್ನು ಆರಿಸಿ ಆಗಾಗ ಕಿಟಕಿಯ ಬಳಿಗೆ ಸರಿಸುತ್ತಿರಬೇಕು. ಮೇಣದಬತ್ತಿ ಹಚ್ಚುವಾಗ ಮಾತ್ರ ಡ್ಯಾಂಪರ್ ತೆರೆದಿರಲಿ.